ಒಂಬತ್ತನೆಯ ಮಾತಿಗೆ ಹೂಂ ಇಲ್ಲ

ನಮ್ಮೂರಲ್ಲಿ ಕೇಳುವವರು ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಬೇರೆ ಊರುಗಳಲ್ಲಿ ಹೂಂಗುಟ್ಟುವುದು ಬರೀ ವಾಡಿಕೆ ಇರಬಹುದು. ನಮ್ಮಲ್ಲಿ ಕಥೆ ನಡೆಯುವುದೇ ಅದರಿಂದ. ರಾಜ ಕುದುರೆ ಹತ್ತಲೆಂದು ಒಂದು ಪಾದ ಎತ್ತಿರುತ್ತಾನೆ. ಕೇಳುವವನಿಗೆ ತೂಕಡಿಕೆ ಬಂದು ಹೂಂ ತಪ್ಪಿತೋ, ರಾಜ ಒಂಟಿಕಾಲಲ್ಲೇ ನಿಂತುಬಿಡುತ್ತಾನೆ. ಹೇಳುವವರ ಬಾಯಿ ತೆರೆದಿರುತ್ತದೆ, ದನಿ ಬರುವುದಿಲ್ಲ. ಯಾರಾದರೂ ಹೂಂ ಅಂದ ಮೇಲೆಯೇ ರಾಜನಿಗೆ ಕುದುರೆ ಸಿಗುವುದು.

ಕಾನೂನಿಗೂ ಇದೇ ನಿಯಮ. ಮಾತಿನ ಅಂಗಳದಲ್ಲಿ ಚಾಪೆ ಹಾಸಿ, ಅದರ ಮೇಲೆ ನಿಂತು ಕಾನೂನನ್ನು ಓದುತ್ತಾರೆ. ಒಂದೊಂದು ಮಾತಿಗೂ ಇಡೀ ಊರು ಹೂಂ ಅನ್ನಬೇಕು. ಒಬ್ಬರು ಸುಮ್ಮನಿದ್ದರೂ ಓದುವವರ ಗಂಟಲು ಕಟ್ಟುತ್ತದೆ; ಡಂಗುರ ಹೊಡೆದ ಮೇಲೂ ಬಾರದವರು ಮಾತ್ರ ಲೆಕ್ಕಕ್ಕಿಲ್ಲ. ಎಲ್ಲರೂ ಅಂದರೋ, ಮುಂದಿನ ಮಾತು ತಾನಾಗಿ ನಾಲಿಗೆಗೆ ಬರುತ್ತದೆ, ಅದನ್ನು ತಡೆಯುವುದು ಓದುವವರ ಕೈಲಿಲ್ಲ. ಜಗಳಕ್ಕೆ, ಸಂತೆಯ ಚೌಕಾಸಿಗೆ ಮಾತ್ರ ಈ ನಿಯಮ ಇಲ್ಲ. ಜಗಳಕ್ಕೆ ಯಾರ ಹೂಂ ಬೇಕು ಹೇಳಿ.

ನಾನು ಆ ಅಂಗಳದಲ್ಲಿ ಚಾಪೆ ಹಾಸುವವನು. ಮೂವತ್ತು ವರ್ಷದಿಂದ ಅದೇ ಚಾಕರಿ. ಓದುವ ಚಾಪೆ ಎಲ್ಲಿ ಹಾಸಿದೆಯೋ ಅದೇ ಮಾತಿನ ಅಂಗಳ ಅನ್ನುವುದು ಹಿರಿಯರು ಮಾಡಿಟ್ಟ ಕ್ರಮ. ಹಾಗಾಗಿ ನನಗೆ ಸ್ವಲ್ಪ ಜಂಬವೂ ಇತ್ತು. ಈಗ ಇಲ್ಲ.

ನಮ್ಮೂರಲ್ಲಿ ಕಥೆ ಕಟ್ಟುವವಳು ಒಬ್ಬಳಿದ್ದಳು. ಅವಳ ಕೈಯಲ್ಲಿ ಹದವಿತ್ತು. ಆದರೆ ಅವಳು ಕಟ್ಟಿದ್ದೆಲ್ಲ ಬಾಯಿಂದ ಬಾಯಿಗೆ ಊರಾಚೆ ಹೋಗುತ್ತಿತ್ತು, ಅವಳ ಹೆಸರು ಮಾತ್ರ ಊರಬಾಗಿಲಲ್ಲೇ ಉಳಿಯುತ್ತಿತ್ತು. ಒಂದು ದಿನ ಪರಊರಿನವನೊಬ್ಬ ನಮ್ಮ ಬೀದಿಯಲ್ಲೇ ನಿಂತು ಕಥೆ ಹೇಳುತ್ತಿದ್ದ. ಇವಳೂ ಗುಂಪಿನಲ್ಲಿ ನಿಂತಳು. ಅದು ಇವಳದೇ ಕಥೆ, ಹೊಳೆ ದಾಟುವವಳ ಕಥೆ. ಕಟ್ಟಿದವರು ಯಾರು ಎಂದು ಕೇಳಿದ್ದಕ್ಕೆ ಅವನು ತನ್ನ ತಾತನ ಹೆಸರು ಹೇಳಿದ. ನಡುವೆ ಕಥೆ ನಿಂತಾಗ ಇವಳ ಕಡೆಗೇ ತಿರುಗಿ, "ಹೂಂ ಅನ್ನಮ್ಮಾ, ನಿಂತದೆ" ಅಂದ. ಇವಳು ಕಣ್ಣು ಒರೆಸಿಕೊಂಡು ಹೂಂ ಅಂದಳು. ಏನು ಮಾಡುತ್ತಾಳೆ, ನದಿಯ ನಡುವೆ ತನ್ನವಳನ್ನೇ ಬಿಟ್ಟು ಬರಲಾಗುತ್ತದೆಯೇ?

ಅವಳ ಹೊಟ್ಟೆಯ ಆ ಉರಿಯನ್ನು ನಾನು ಅಲ್ಲಗಳೆಯುವವನಲ್ಲ. ಅದು ನ್ಯಾಯವಾದದ್ದೇ. ಆದರೆ ಯಾರ ಮನೆಯಲ್ಲಿ ಉರಿ ಇದೆ ಎಂದು ಮೂಸಿಕೊಂಡು ಬರುವವರು ಬೇರೆ ಇರುತ್ತಾರೆ. ಮೊದಲು ಬಂದವನು ಪೆಟ್ಟಿಗೆಯವನು. ಅವನ ತಾಮ್ರದ ಪೆಟ್ಟಿಗೆಯೊಳಗೆ ಕಥೆ ಹೇಳಿ ಮುಚ್ಚಿದರೆ ಕಥೆ ಒಳಗೇ ಇರುತ್ತದೆ. ಪೆಟ್ಟಿಗೆ ಒಬ್ಬರ ಹೂಂ ಅನ್ನು ಕಲಿಯುತ್ತದೆ. ಅವರು ಹೂಂ ಅಂದರೆ ಮಾತ್ರ ಕಥೆ ನಡೆಯುತ್ತದೆ, ಬೇರೆ ಯಾರು ಅಂದರೂ ಇಲ್ಲ, ಹೆಂಡತಿ ಅಂದರೂ ಇಲ್ಲ, ಮಗು ಅಂದರೂ ಇಲ್ಲ. ಅವನ ಹಿಂದೆ ಸಾಗಿಸುವವನು ಬಂದ, ಪೆಟ್ಟಿಗೆಗಳನ್ನು ಎತ್ತಿನ ಮೇಲೆ ಹೇರಿ ಊರೂರಿಗೆ ಒಯ್ಯಲು. ಅವರಿಬ್ಬರ ಹಿಂದೆ, ಕೈ ಮುಗಿದುಕೊಂಡೇ, ಒಮ್ಮತಗಾರ ಬಂದ.

ಒಮ್ಮತಗಾರ ಅಂದರೆ ಒಮ್ಮತ ಕೂಡಿಸುವವನು. ಅವನೂ ನಮ್ಮೂರಲ್ಲೇ ಹುಟ್ಟಿದವನು. ಅವನು ದನಿ ಏರಿಸಿದ್ದನ್ನು ಯಾರೂ ಕಂಡಿಲ್ಲ. ಬೈದರೆ ನಗುತ್ತಿದ್ದ. ಕದ ಹಾಕಿಕೊಂಡರೆ ಹೊರಗೆ ಕೂತು, "ಇರಲಿ, ನಿಧಾನಕ್ಕೆ ತೆಗೀರಿ" ಅನ್ನುತ್ತಿದ್ದ. ಅವನು ಹದಿನಾಲ್ಕು ಮಾತಿನ ಒಂದು ಕಾನೂನು ಬರೆದುಕೊಂಡು ಬಂದು ಪಾಲುದಾರರ ಸಭೆ ಕರೆದ.

"ಚಾಪೆ ಹಾಸಪ್ಪಾ. ಕಟ್ಟುವವರಿಗೆ ಒಂದು, ಪೆಟ್ಟಿಗೆಯವರಿಗೆ ಒಂದು, ಸಾಗಿಸುವವರಿಗೆ ಒಂದು."

"ಕೇಳೋರಿಗೆ ಎಲ್ಲಿ ಹಾಸ್ಲಿ ಸ್ವಾಮಿ?"

"ಅವರು ನಿಂತೇ ಇರ್ತಾರಲ್ಲ. ಹೂಂ ಅನ್ನೋದಕ್ಕೆ ಕೂರಬೇಕಾ?"

ನನಗೆ ಅದು ಸರಿ ಅನ್ನಿಸಿತು. ಮೂರು ಚಾಪೆ ಹಾಸಿದೆ. ಕಥೆ ಕಟ್ಟುವವಳು ಆಗ ಆರು ತಿಂಗಳ ಬಸುರಿ, ಕಷ್ಟಪಟ್ಟು ಕೂತಳು. "ನಿಮ್ಮ ಪಾಲಿನದೆಲ್ಲ ಬರೆದಾಗಿದೆಯಮ್ಮಾ, ಮುಂದೆ ಬರುತ್ತೆ" ಎಂದು ಒಮ್ಮತಗಾರ ಹೇಳಿದ. ಅವಳು ನಂಬಿದಳು. ಎರಡೂವರೆ ತಿಂಗಳು ಮೂರು ಚಾಪೆಗಳ ನಡುವೆ ಮಾತುಕತೆ ನಡೆಯಿತು. ಆಮೇಲೆ ಡಂಗುರ ಹೊಡೆಸಿದರು.

ಮೊದಲ ದಿನ ಊರು ಅಂಗಳದಲ್ಲಿ ನಿಂತಿತು. ಒಮ್ಮತಗಾರ ಓದಿದ. ಕಥೆ ಕಟ್ಟಿದವರದು. ಹೂಂ. ಕಥೆ ಕಳುವಾಗಬಾರದು. ಹೂಂ. ಕಳುವಾಗದ ಹಾಗೆ ಕಾಯಬೇಕು. ಹೂಂ. ಕಾಯಲು ಪೆಟ್ಟಿಗೆ ಬೇಕು. ಹೂಂ. ಒಂದು ಮಾತಿನ ಬೆನ್ನಿಗೆ ಇನ್ನೊಂದು ಮಾತು, ಒಂದು ಹೂಂ ಬೆನ್ನಿಗೆ ಇನ್ನೊಂದು ಹೂಂ. ಮೊದಲ ನಾಲ್ಕಕ್ಕೆ ಯಾವ ಮನುಷ್ಯ ಬೇಡ ಅಂತಾನೆ? ಎಂಟರವರೆಗೂ ಜಾರುಬಂಡೆಯ ಮೇಲೆ ಹೋದ ಹಾಗೆ ಹೋಯಿತು. ಒಂಬತ್ತನೆಯ ಮಾತು ಬಂತು.

"ಪೆಟ್ಟಿಗೆಯ ಹೊರಗೆ, ಬಾಯಿಂದ ಬಾಯಿಗೆ, ಯಾವ ಕಥೆಯೂ ದಾಟಕೂಡದು."

ನಾವು ಹೂಂ ಅಂದೆವು. ಒಮ್ಮತಗಾರನ ಬಾಯಿ ತೆರೆದೇ ಉಳಿಯಿತು, ದನಿ ಬರಲಿಲ್ಲ. ನಾವು ಇನ್ನೂ ಜೋರಾಗಿ ಹೂಂ ಅಂದೆವು. ಬರಲಿಲ್ಲ. ಎಲ್ಲರೂ ಅಕ್ಕಪಕ್ಕದವರ ಮೋರೆ ನೋಡಿದೆವು. ಹಿಂದಿನ ಸಾಲಿನಲ್ಲಿ ಸೂಲಗಿತ್ತಿ ಬಾಯಿ ಬಿಗಿದುಕೊಂಡು ನಿಂತಿದ್ದಳು.

ಸೂಲಗಿತ್ತಿ ಅಂದರೆ ನಮಗೆಲ್ಲ ಮೊದಲು ಕೈಯೊಡ್ಡಿದವಳು. ಒಮ್ಮತಗಾರನನ್ನು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಬಾರಿಸಿ ಅಳಿಸಿದವಳೂ ಅವಳೇ, ನನ್ನನ್ನೂ ಅವಳೇ. ಅವಳ ಕೆಲಸದ ಬಗೆ ಹೀಗೆ: ನೋವು ತಿನ್ನುವವಳಿಗೆ ಕಥೆ ಹೇಳುತ್ತಾಳೆ. ಹೆರುವವಳು ಒಂದೊಂದು ಮಾತಿಗೂ ಹೂಂ ಅನ್ನುತ್ತಾಳೆ, ಆ ಹೂಂ ಉಸಿರಾಗುತ್ತದೆ. ಹೂಂ ಗಟ್ಟಿ ಇದ್ದರೆ ಎಲ್ಲ ನೆಟ್ಟಗಿದೆ. ಹೂಂ ತೊದಲಿದರೆ ಮಗು ಅಡ್ಡ ತಿರುಗಿದೆ. ಹೂಂ ನಿಂತರೆ ತಾಯಿಯ ಜೀವಕ್ಕೆ ಕುತ್ತು ಬಂದಿದೆ. ಕೊನೆಗೆ ಮಗು ಬರುವ ಹೊತ್ತಿಗೆ ಸೂಲಗಿತ್ತಿಯೇ "ಹೂಂ, ಹೂಂ, ಇನ್ನೊಂದ್ಸಲ ಹೂಂ" ಎಂದು ಹುರಿದುಂಬಿಸುತ್ತಾಳೆ, ತಾಯಿ ಆ ಹೂಂ ಹಿಡಿದು ಮುಕ್ಕುತ್ತಾಳೆ. ಬಾಯಿಂದ ಬಾಯಿಗೆ ಕಥೆ ದಾಟದಿದ್ದರೆ ಅವಳಿಗೆ ಹೆರಿಗೆ ಮಾಡಿಸಲು ಬೇರೆ ದಾರಿ ಇರಲಿಲ್ಲ.

ಒಮ್ಮತಗಾರ ಅವಳ ಜಗುಲಿಗೆ ಹೋದ. ಕೂರಲು ನಾನು ಚಾಪೆ ಹಿಡಿದುಕೊಂಡು ಹೋಗಿದ್ದೆ.

"ಅವ್ವಾ, ನಿಮಗೆ ಯಾವ ಮಾತು ಚುಚ್ತು ಹೇಳಿ, ತಿದ್ದೋಣ."

"ಒಂಬತ್ತನೇದು."

"ಅದರಲ್ಲಿ ಯಾವ ಪದ?"

"ಪದ ಅಲ್ಲಪ್ಪಾ. ಮಾತೇ."

ಮರುದಿನ ಅವನು ಪದ ಬದಲಿಸಿಕೊಂಡು ಬಂದ. ದಾಟಕೂಡದು ಅನ್ನುವುದರ ಬದಲು ದಾಟದಿರುವುದು ಒಳಿತು. ಮತ್ತೆ ಡಂಗುರ, ಮತ್ತೆ ಅದೇ ಎಂಟು ಮಾತು, ಅದೇ ಎಂಟು ಹೂಂ, ಒಂಬತ್ತಕ್ಕೆ ಬಂದು ಅವನ ಬಾಯಿ ತೆರೆದು ನಿಂತಿತು. ಮೂರನೆಯ ದಿನ ಪೆಟ್ಟಿಗೆ ಅನ್ನುವುದನ್ನು ಕಾಪು ಎಂದು ಮಾಡಿದ. ಐದನೆಯ ದಿನ ಕಾಪು ಅನ್ನುವುದನ್ನು ಮಡಿಲು ಎಂದು ಮಾಡಿದ. ಪೆಟ್ಟಿಗೆ ಕಥೆಯ ಮಡಿಲಂತೆ! ಸೂಲಗಿತ್ತಿ ಕೇಳಿ ಬಾಯ್ತುಂಬ ನಕ್ಕಳು.

"ಬೀಗಕ್ಕೆ ಮಲ್ಲಿಗೆ ಮುಡಿಸಿದ್ರೆ ಕದ ತೆಗೀತದೇನೋ?"

ಎಂಟನೆಯ ದಿನ ಅವನು ವಿನಾಯಿತಿ ತಂದ. ಹೆರುವ ಹೆಂಗಸಿಗೆ ಒಂದು ಕಥೆಯನ್ನು ಪೆಟ್ಟಿಗೆ ಇಲ್ಲದೆ ಹೇಳಬಹುದು. ಮೂರು ದಿನ ಮುಂಚೆ ಅರ್ಜಿ ಕೊಡಬೇಕು, ಯಾವ ಕಥೆ, ಎಷ್ಟು ಹೂಂ ಬೇಕಾದೀತು ಎಂದು ಅದರಲ್ಲಿ ಕಾಣಿಸಬೇಕು.

"ಮಗು ಅರ್ಜಿ ಹಾಕ್ಕೊಂಡು ಬರ್ತದಾ?" ಎಂದಳು ಸೂಲಗಿತ್ತಿ. "ನೀನು ಬರುವಾಗ ನಿಮ್ಮವ್ವ ಸೌದೆ ತರೋಕೆ ಹೋಗಿದ್ಲು ಕಣೋ. ಹಾದೀಲೇ ಬಂದೆ ನೀನು. ಹಾದೀಲೇ ಕಥೆ ಹೇಳ್ದೆ. ಯಾರನ್ನ ಕೇಳಿ ಬಂದೆ ನೀನು?"

ಒಮ್ಮತಗಾರ ನಕ್ಕ. ಅವನ ನಗು ಅಂಥದ್ದು, ಏಟು ಬಿದ್ದರೂ ಮುದುಡುತ್ತಿರಲಿಲ್ಲ.

ದಿನಗಳು ಹೀಗೇ ಹೋದವು. ದಿನವೂ ಡಂಗುರ, ದಿನವೂ ಚಾಪೆ, ದಿನವೂ ಎಂಟು ಮಾತು. ಜನ ಬೇಸತ್ತರು. ಎಲೆ ಅಡಿಕೆ ಜಗಿಯುತ್ತ ಹೂಂ ಅಂದರು, ಮಕ್ಕಳ ತಲೆ ಬಾಚುತ್ತ ಹೂಂ ಅಂದರು, ಓದುವವನು ಬಾಯಿ ತೆರೆಯುವ ಮುಂಚೆಯೇ ಹೂಂ ಅಂದರು. ಯಾವ ಮಾತಿಗೆ ಅಂದೆವು ಎಂದು ಯಾರಿಗೂ ನೆನಪಿರುತ್ತಿರಲಿಲ್ಲ. ಸಿಟ್ಟೆಲ್ಲ ಸೂಲಗಿತ್ತಿಯ ಮೇಲೆ ತಿರುಗಿತು. ನೀರು ಸೇದಲು ಹೋದರೆ ಅವಳಿಗೆ ಹಗ್ಗ ಕೊಡಲಿಲ್ಲ. "ಒಬ್ಬಳಿಂದ ಊರಿಗೆಲ್ಲ ಕಷ್ಟ" ಅಂದರು. ನಾನೂ ಅಂದೆ. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಜೋರಾಗಿ ಅಂದೆ. ದಿನಾ ಚಾಪೆ ಹಾಸಿ ಸುತ್ತುವವನು ನಾನಲ್ಲವೇ, ನನ್ನ ಸೊಂಟ ಬಿದ್ದುಹೋಗಿತ್ತು.

ಇಪ್ಪತ್ತನೆಯ ದಿನ ಒಮ್ಮತಗಾರ ಒಂದು ಉಪಾಯ ಹೇಳಿದ.

"ನಿಮಗ್ಯಾಕೆ ದಿನಾ ತೊಂದರೆ? ಉಳಿದ ಮಾತಿಗೆಲ್ಲ ಸೇರಿಸಿ ಈಗಲೇ ಒಂದು ಹೂಂ ಅಂದುಬಿಡಿ. ಅವ್ವನದು ಯಾವಾಗ ಬರುತ್ತೋ ಬರಲಿ. ನೀವು ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ."

ಒಂಬತ್ತರ ಆಚೆಯ ಐದು ಮಾತು ಏನು ಎಂದು ಯಾರೂ ಕೇಳಲಿಲ್ಲ. ಊರು ಒಂದೇ ಬಾಯಲ್ಲಿ ಮುಂಗಡದ ಹೂಂ ಅಂದಿತು. ಕಥೆ ಕಟ್ಟುವವಳೂ ಸೊಂಟ ಹಿಡಿದುಕೊಂಡು ಅಂದಳು. ಜನ ದಡದಡ ಮನೆಗೆ ಹೋದರು, ಮದುವೆಯ ಊಟಕ್ಕೆ ಹೊತ್ತಾದವರ ಹಾಗೆ. ಇನ್ನು ಕಾನೂನಿಗೆ ಬೇಕಾದದ್ದು ಒಬ್ಬಳ ಹೂಂ.

ಮರುದಿನ ಬೆಳಗ್ಗೆ ಕಥೆ ಕಟ್ಟುವವಳಿಗೆ ನೋವು ಶುರುವಾಯಿತು.

ಅವಳ ಮನೆಯಲ್ಲಿ ತಾಮ್ರದ ಪೆಟ್ಟಿಗೆ ಇತ್ತು. ಊರಿಗೆ ಮಾದರಿ ಇರಲಿ ಎಂದು ಪೆಟ್ಟಿಗೆಯವನು ಮೊದಲನೆಯದನ್ನು ಅವಳಿಗೇ ಕೊಟ್ಟಿದ್ದ. ಅದರೊಳಗೆ ಅವಳು ಹೊಳೆ ದಾಟುವವಳ ಕಥೆಯನ್ನು ಹೇಳಿ ಮುಚ್ಚಿದ್ದಳು, ಪೆಟ್ಟಿಗೆಗೆ ತನ್ನದೇ ಹೂಂ ಕಲಿಸಿದ್ದಳು. ಸೂಲಗಿತ್ತಿ ಒಳಗೆ ಬಂದಾಗ ಅವಳು ಹಲ್ಲು ಕಚ್ಚಿಕೊಂಡು, "ಅವ್ವಾ, ಪೆಟ್ಟಿಗೆ ತೆಗಿ. ನನ್ನ ಕಥೇನೇ ಕೇಳ್ತೀನಿ" ಅಂದಳು. ಪೆಟ್ಟಿಗೆ ತೆಗೆದರು. ಅವಳು ಹೂಂ ಅಂದಳು. ಪೆಟ್ಟಿಗೆ ಮಿಸುಕಲಿಲ್ಲ. ಮತ್ತೆ ಅಂದಳು. ಇಲ್ಲ. ಅದು ಕಲಿತದ್ದು ಸುಖದಲ್ಲಿದ್ದ ಹೆಂಗಸಿನ ಹೂಂ. ನೋವು ತಿನ್ನುವವಳ ದನಿಯ ಗುರುತು ಅದಕ್ಕೆ ಹತ್ತಲಿಲ್ಲ. ಕಟ್ಟಿದವಳು ಹಾಸಿಗೆ ಹಿಡಿದು ನರಳುತ್ತಿದ್ದಾಳೆ, ಅವಳ ಕಥೆ ಮೊಳದ ದೂರದಲ್ಲಿ ತಾಮ್ರದೊಳಗೆ ಕೂತು ನೀನು ಯಾರು ಅನ್ನುತ್ತಿದೆ!

ಸೂಲಗಿತ್ತಿ ಪೆಟ್ಟಿಗೆಯನ್ನು ಕಾಲಿನಿಂದ ಮೂಲೆಗೆ ದೂಡಿದಳು. "ಇದ್ರ ಮನೆ ಹಾಳಾಗ. ನಂಗೆ ಬಾಯಿಗೆ ಬರ್ತದೆ, ನಾನೇ ಹೇಳ್ತೀನಿ."

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನು ಕಿಟಕಿಯ ಹೊರಗೆ ಇದ್ದೆ. ಹೊತ್ತು ನೆತ್ತಿಗೇರಿದಾಗ ಒಮ್ಮತಗಾರ ಬಂದು ನನ್ನನ್ನು ಕರೆದಿದ್ದ. "ಓದುವ ಚಾಪೆ ತಗೊಂಡು ಬಾ. ಅವಳ ಕಿಟಕಿ ಕೆಳಗೆ ಹಾಸು." ಯಾಕೆ ಎಂದು ನಾನು ಕೇಳಲಿಲ್ಲ. ಹಾಸಿದೆ. ಚಾಪೆ ಬಿದ್ದ ಕೂಡಲೇ ಆ ಹಿತ್ತಿಲು ಮಾತಿನ ಅಂಗಳವಾಯಿತು. ಅವನು ಮೇಲೆ ನಿಂತು ಕಿವಿ ಕಿಟಕಿಗೆ ಕೊಟ್ಟ.

ಒಳಗೆ ಸೂಲಗಿತ್ತಿ ಹೇಳುತ್ತಿದ್ದಳು. "ಅವಳು ಹರಿಗೋಲು ಹತ್ತಿದಳು."

"ಹೂಂ."

"ನಡುಹೊಳೆಗೆ ಬಂದಳು."

"ಹೂಂ."

"ಹೊಳೆ ಕೇಳಿತು, ನಿನ್ನ ಬಳೆ ಕೊಡು. ಅವಳು ಬಳೆ ಕೊಟ್ಟಳು."

"ಹೂಂ."

"ಹಾಂಗೆ ತಾಯಿ. ಬಂತು ನೋಡು ನೋವು, ಹಿಡ್ಕೋ."

ಆ ಹೊತ್ತನ್ನೇ ಕಾಯುತ್ತಿದ್ದ ಒಮ್ಮತಗಾರ ಸ್ಪಷ್ಟವಾಗಿ ಓದಿದ. "ಪೆಟ್ಟಿಗೆಯ ಹೊರಗೆ, ಬಾಯಿಂದ ಬಾಯಿಗೆ, ಯಾವ ಕಥೆಯೂ ದಾಟಕೂಡದು." ಮಡಿಲು, ಕಾಪು, ಒಳಿತು ಎಲ್ಲ ಎಲ್ಲಿ ಹೋದವೋ, ಮೊದಲಿನ ಮಾತೇ ಬಂದಿತ್ತು.

ಒಳಗಿಂದ ಸೂಲಗಿತ್ತಿಯ ದನಿ ಎದ್ದಿತು. "ಹೂಂ! ಹೂಂ! ಇನ್ನೊಂದ್ಸಲ!"

ಇಪ್ಪತ್ತು ದಿನ ಕಲ್ಲಿನಂತೆ ನಿಂತಿದ್ದ ಒಂಬತ್ತನೆಯ ಮಾತು ಮುಂದೆ ಸರಿಯಿತು. ಒಮ್ಮತಗಾರನ ನಾಲಿಗೆಗೆ ಹತ್ತನೆಯದು ತಾನಾಗಿ ಬಂತು. "ಪೆಟ್ಟಿಗೆ ಯಾರ ಹೂಂ ಕಲಿತಿದೆಯೋ ಅವರಿಗೆ ಮಾತ್ರ, ಅದೂ ಮೂರು ಸಲ." ಒಳಗೆ, "ಹೂಂ ತಾಯಿ, ಹೂಂ!" ಹನ್ನೊಂದನೆಯದು ಬಂತು. "ಮೂರು ಸಲ ಆದ ಮೇಲೆ ಪೆಟ್ಟಿಗೆ ಮೂಕ." ಒಳಗೆ, "ಹೂಂ! ತಲೆ ಕಾಣ್ತದೆ, ಹೂಂ!"

ಆಗ ಸೂಲಗಿತ್ತಿಗೆ ಕೇಳಿಸಿತು. ಅವಳು ಕಿಟಕಿಗೆ ಬಂದಳು. ಚಾಪೆ ನೋಡಿದಳು, ಅವನನ್ನು ನೋಡಿದಳು.

"ಅದು ಹೆರಿಗೆ ಹೂಂ ಕಣೋ! ನಿನ್ನ ಕಾಗದಕ್ಕಲ್ಲ!"

"ಹೂಂ ಅಂದ್ರೆ ಹೂಂ ಅವ್ವಾ" ಎಂದ ಒಮ್ಮತಗಾರ ನಯವಾಗಿ. "ಅದರಲ್ಲಿ ಬೇರೆ ಬೇರೆ ಎಲ್ಲಿದೆ?"

ಅವಳು ನನ್ನ ಕಡೆ ತಿರುಗಿದಳು. "ನೀನೂನಾ?" ಅಂದಳು. ಅಷ್ಟೇ ಅಂದದ್ದು. ನಾನು ಚಾಪೆಯ ಅಂಚು ಸರಿಮಾಡುವವನ ಹಾಗೆ ಬಗ್ಗಿದೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ, ಆದರೂ ಚಾಪೆ ಎತ್ತಲಿಲ್ಲ.

ಒಮ್ಮತಗಾರ ಹನ್ನೆರಡನೆಯದನ್ನು ಓದಿದ. ಊರಲ್ಲಿ ಯಾರೂ ಅದುವರೆಗೆ ಕೇಳಿರದ ಮಾತು ಅದು. "ಪೆಟ್ಟಿಗೆ ಮಾಡಿದವರಿಗೆ ಮೊದಲ ಪಾಲು, ಸಾಗಿಸಿದವರಿಗೆ ಎರಡನೆಯ ಪಾಲು, ಉಳಿದರೆ ಕಟ್ಟಿದವರಿಗೆ." ಓದಿ ಬಾಯಿ ತೆರೆದುಕೊಂಡು ಕಾದ.

ಸೂಲಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಾಸಿಗೆಯ ಬಳಿ ಹೋದಳು. ಹೂಂ ಬಿಟ್ಟು ಬೇರೆ ಮಾತಲ್ಲಿ ಹುರಿದುಂಬಿಸಲು ನೋಡಿದಳು. "ಮುಕ್ಕು ತಾಯಿ, ಮುಕ್ಕು" ಅಂದಳು. ಕಥೆಯನ್ನೂ ಎತ್ತಿದಳು. "ಹೊಳೆ ಕೇಳಿತು, ನಿನ್ನ ಹೆಸರು ಕೊಡು. ಅವಳು ಹೆಸರು ಕೊಟ್ಟಳು." ಹಾಸಿಗೆಯಿಂದ ಹೂಂ ಬರಲಿಲ್ಲ. ಕಥೆ ನಿಂತಿತು. ಹರಿಗೋಲು ನಡುಹೊಳೆಯಲ್ಲಿ ನಿಂತಿತು. ಕಾನೂನು ಕಿಟಕಿಯ ಕೆಳಗೆ ನಿಂತಿತು. ಮಗುವೂ ನಿಂತಿತು.

"ಹೂಂ ಅನ್ನವ್ವಾ" ಎಂದಳು ಹೆರುವವಳು. ದನಿ ಎಲ್ಲಿಂದಲೋ ಬಂದ ಹಾಗಿತ್ತು. "ನೀ ಅನ್ನದಿದ್ರೆ ನಂಗೆ ದಾರೀನೇ ತಿಳೀವಲ್ದು."

ಸೂಲಗಿತ್ತಿ ಬಗ್ಗಿ ಮಗುವಿನ ತಲೆ ಮುಟ್ಟಿ ನೋಡಿದಳು. ಆಮೇಲೆ ಸೆರಗು ತೆಗೆದು ಕಿಟಕಿಯ ಕಡೆ ಕೂಗಿ ಹೇಳಿದಳು. "ಕೇಳಿಸ್ಕೋ ಮಗಾ. ನಿನ್ನ ಕಾನೂನು ಗೆದ್ರೆ ಗೆಲ್ಲಲಿ. ನಂಗೆ ಎರಡು ಜೀವ ಮುಖ್ಯ. ಅಂತೀನಿ."

ಅವಳು ಅನ್ನುವ ಮುಂಚೆ ಹೆರುವವಳ ಕೈ ಬಂದು ಅವಳ ರಟ್ಟೆ ಹಿಡಿಯಿತು.

"ತಡಿ. ಹೊರಗೆ ಏನೋ ಓದಿದ್ರಲ್ಲ. ಉಳಿದ್ರೆ ಕಟ್ಟಿದವರಿಗೆ ಅಂದ್ರಾ?"

"ಅಂದ ಹಾಂಗಿತ್ತು ತಾಯಿ."

"ನಾನು ಚಾಪೆ ಮೇಲೆ ಕೂತಿದ್ದೆ ಅವ್ವಾ. ಬಸುರಿ, ಅಷ್ಟು ದಿನ ಕೂತಿದ್ದೆ. ಉಳಿದ್ರೆ ಅಂತಾ?"

ಅವಳು ಹಗ್ಗ ಎಳೆಯುವವಳ ಹಾಗೆ ಸೂಲಗಿತ್ತಿಯ ರಟ್ಟೆ ಎಳೆದು ಎದ್ದು ಕೂತಳು. ಅವಳ ಬಾಯಿಂದ ಒಂದು ದನಿ ಹೊರಟಿತು. ಮೊದಲು ಊ ಎಂದು ಉಸಿರು ಕಟ್ಟಿದಳು, ಎಷ್ಟು ಹೊತ್ತು ಕಟ್ಟಿದಳೋ, ಹೊರಗಿದ್ದ ನಾನೂ ಉಸಿರು ಹಿಡಿದಿದ್ದೆ. ಆಮೇಲೆ ಮೈಯೆಲ್ಲ ಬಳಸಿ ಬಿಟ್ಟಳು.

"ಊಹೂಂ!"

ಉಣ್ಣು ಅಂದರೆ ನಾವು ಊಹೂಂ ಅನ್ನುತ್ತೇವೆ, ಮಲಗು ಅಂದರೆ ಮಕ್ಕಳು ಊಹೂಂ ಅನ್ನುತ್ತವೆ. ಆದರೆ ಕಥೆಗೋ ಕಾನೂನಿಗೋ ಹೂಂ ಅನ್ನಬೇಕು, ಇಲ್ಲವೇ ಸುಮ್ಮನಿರಬೇಕು ಎಂದೇ ನಾವು ತಿಳಿದಿದ್ದೆವು. ಮೂರನೆಯದೊಂದು ಇದೆ, ಮುಂಗಡ ಅಂದ ಹೂಂ ಅನ್ನೂ ಅದು ಮೀರುತ್ತದೆ ಎಂದು ಹುಟ್ಟಿದ ಮೇಲೆ ಯಾರಿಗೂ ಹೊಳೆದಿರಲಿಲ್ಲ. ಅವಳು ಕಥೆ ಕಟ್ಟುವವಳು. ನಿಂತ ಕಥೆಯನ್ನು ಬೇರೆ ದಾರಿಗೆ ತಿರುಗಿಸುವುದು ಅವಳ ಕಸುಬು.

ಒಳಗೆ ಸೂಲಗಿತ್ತಿಯ ಬಾಯಿ ತಾನಾಗಿ ನುಡಿಯಿತು. "ಅವಳು ಹೆಸರು ಕೊಡಲಿಲ್ಲ. ಹರಿಗೋಲಲ್ಲಿ ಎದ್ದು ನಿಂತು ತನ್ನ ಹೆಸರು ಕೂಗಿದಳು." ಹೇಳಿ ತಾನೇ ಬೆರಗಾದಳು.

ಹೊರಗೆ ಒಮ್ಮತಗಾರನ ಬಾಯಿಯೂ ತಾನಾಗಿ ನುಡಿಯಿತು. "ಕಟ್ಟಿದವರಿಗೆ ಮೊದಲ ಪಾಲು. ಉಳಿದರೆ ಪೆಟ್ಟಿಗೆಯವರಿಗೆ." ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಪ್ರಯೋಜನವಾಗಲಿಲ್ಲ. ಜವಾಬು ಬಂದಾಗಿತ್ತು, ಮುಂದಿನ ಮಾತು ಬೆರಳುಗಳ ಸಂದಿಯಿಂದಲೇ ಹೊರಬಂತು. "ಕಟ್ಟಿದವರ ಹೆಸರನ್ನು ಪೆಟ್ಟಿಗೆಯ ತಳದಲ್ಲಿ ಸಣ್ಣದಾಗಿ ಕೆತ್ತಬಹುದು."

"ಊ…" ಎಂದಳು ಹೆರುವವಳು. ಈಗ ಸೂಲಗಿತ್ತಿಯೂ ಜೊತೆಗೂಡಿದಳು. "…ಹೂಂ!" ಎಂದರು ಇಬ್ಬರೂ. ಊ ಎಂದಾಗ ಉಸಿರು ತುಂಬುತ್ತಿತ್ತು, ಹೂಂ ಎಂದಾಗ ಮೈ ಮುಕ್ಕುತ್ತಿತ್ತು. ಮಗು ಮುಂದೆ ಸರಿಯಿತು.

"ಕಥೆ ಹೇಳುವವರು ಯಾರೇ ಆಗಲಿ, ಕಟ್ಟಿದವರ ಹೆಸರನ್ನು ಮೊದಲು ಬಾಯಿತುಂಬ ಹೇಳಲೇಬೇಕು" ಎಂದಿತು ಒಮ್ಮತಗಾರನ ಬಾಯಿ. ಅವನ ಕಣ್ಣಲ್ಲಿ ನೀರು ಬಂದಿತ್ತು. ಕೊನೆಯ ಮಾತು ಬರುವುದನ್ನು ಅವನು ಹೇಗಾದರೂ ತಡೆಯಲು ನೋಡಿದ, ಚಾಪೆಯಿಂದ ಇಳಿಯಲು ಒಂದು ಕಾಲು ಎತ್ತಿದ, ಕಾಲು ಎತ್ತಿದಂತೆಯೇ ಉಳಿಯಿತು. ಒಂಟಿಕಾಲಲ್ಲಿ ನಿಂತೇ ಹದಿನಾಲ್ಕನೆಯದನ್ನು ಓದಿದ.

"ಈವರೆಗೆ ಯಾರು ಯಾವ ಕಾರಣಕ್ಕೆ ಹೂಂ ಅಂದಿದ್ದರೂ ಅದನ್ನು ಒಪ್ಪಿಗೆ ಎಂದೇ ತಿಳಿಯತಕ್ಕದ್ದು."

"ಊಹೂಂ!" ಎಂದು ಒಳಗಿನಿಂದ ಕೂಗು ಬಂತು, ಬೆನ್ನಿಗೇ ಮಗುವಿನ ಅಳು.

"ತಿಳಿಯತಕ್ಕದ್ದಲ್ಲ" ಎಂದ ಒಮ್ಮತಗಾರ, ಮತ್ತು ಚಾಪೆಯ ಮೇಲೆ ಕುಸಿದು ಕೂತ. ಮೂರು ತಿಂಗಳು ಕೂಡಿಸಿದ ಹೂಂ ಎಲ್ಲ ಆ ಒಂದು ಮಾತಿಗೆ ಬಿದ್ದುಹೋಯಿತು. ಜಗಿಯುತ್ತ ಅಂದದ್ದು, ಬಾಚುತ್ತ ಅಂದದ್ದು, ಸೊಂಟನೋವಿಗೆ ಅಂದದ್ದು, ಮುಂಗಡ ಅಂದದ್ದು, ಹೆರಿಗೆಯ ಮನೆಯಿಂದ ಕದ್ದದ್ದು, ಯಾವುದೂ ಉಳಿಯಲಿಲ್ಲ. ಹೂಂ ಬಿದ್ದ ಮೇಲೆ ಕಾನೂನು ಎಲ್ಲಿ ನಿಲ್ಲುತ್ತದೆ? ಕಟ್ಟಿದವರಿಗೆ ಒಳ್ಳೆಯದು ಮಾಡಹೊರಟಿದ್ದ ಎರಡು ಮಾತೂ ಅದರ ಜೊತೆಗೇ ಹೋದವು. ನನಗೆ ಅದು ಸಂಕಟವೇ. ಆದರೆ ಸೂಲಗಿತ್ತಿ ಕಿಟಕಿಯಿಂದ ಮಗುವನ್ನು ಎತ್ತಿ ತೋರಿಸಿದಾಗ ನಾನು ಅಳುತ್ತ ನಕ್ಕೆ.

ಇಲ್ಲಿಗೆ ಮುಗಿಯಿತು ಎಂದು ನೀವು ತಿಳಿದರೆ ನಿಮಗೆ ಒಮ್ಮತಗಾರ ಗೊತ್ತಿಲ್ಲ. ಮೂರೇ ದಿನಕ್ಕೆ ಅವನು ಮತ್ತೆ ನಗುತ್ತ ಬಂದ. ಕೈಯಲ್ಲಿ ಹೊಸ ಕಾಗದ. ಪೆಟ್ಟಿಗೆಯವನು ಹಿಂದೆ ನಿಂತಿದ್ದ, ಸಾಗಿಸುವವನು ಅವನ ಹಿಂದೆ. ಡಂಗುರ ಆಯಿತು. ಊರು ಬಂದು ಅಂಗಳದಲ್ಲಿ ನಿಂತಿತು. ಬಾಣಂತಿ ಬಂದಿರಲಿಲ್ಲ, ಸೂಲಗಿತ್ತಿ ಅವಳಿಗೆ ಎಣ್ಣೆನೀರು ಹಾಕಲು ಹೋಗಿದ್ದಳು. ಅವರಿಲ್ಲದ ಹೊತ್ತು ನೋಡಿಯೇ ಡಂಗುರ ಹೊಡೆಸಿದ್ದರು.

ನಾನು ಓದುವ ಚಾಪೆ ಹಾಸಿದೆ. ಜನ ಎಲೆಗೆ ಸುಣ್ಣ ಸವರುತ್ತಿದ್ದರು. ಕೆಲವರ ಬಾಯಲ್ಲಿ ಹೂಂ ಆಗಲೇ ಸಿದ್ಧವಾಗಿ ಕೂತಿತ್ತು, ತುಟಿ ನೋಡಿದರೆ ತಿಳಿಯುತ್ತಿತ್ತು. ಮೂರು ದಿನಕ್ಕೆ ಮರೆತರೇ ಎಂದು ಒಬ್ಬೊಬ್ಬರ ಮೋರೆ ನೋಡಿದೆ. ಮರೆಯದೆ ಏನು, ಕಿಟಕಿಯ ಕೆಳಗೆ ನಿಂತವನು ನಾನೊಬ್ಬನೇ. ನಾಲಿಗೆ ಹೇಗೆ ತಿರುಗುತ್ತದೆ ಎಂದು ಕಣ್ಣಾರೆ ಕಂಡವನು ನಾನೊಬ್ಬನೇ. ಒಮ್ಮತಗಾರ ಚಾಪೆ ಹತ್ತಿ, ಗಂಟಲು ಸರಿಮಾಡಿಕೊಂಡು, ಮೊದಲ ಮಾತು ಓದಿದ.

"ಎಲ್ಲರೂ ಈಗಾಗಲೇ ಒಪ್ಪಿರುವ ಹಾಗೆ…"

"ಊಹೂಂ" ಅಂದೆ.

ಸಣ್ಣ ದನಿಯಲ್ಲೇ ಅಂದೆ, ಧೈರ್ಯವಂತನ ಸೋಗು ಹಾಕುವುದಿಲ್ಲ. ಆದರೆ ಅಂಗಳ ಸಣ್ಣದು, ಎಲ್ಲರಿಗೂ ಕೇಳಿಸಿತು. ಎಲೆ ಹಿಡಿದ ಕೈಗಳು ನಿಂತವು.

"ಯಾರೂ ಇನ್ನೂ ಒಪ್ಪದಿರುವ ಹಾಗೆ…" ಎಂದು ಒಮ್ಮತಗಾರನ ಬಾಯಿ ತಿರುಗಿತು. ಅವನ ನಗು ಮೊದಲ ಬಾರಿಗೆ ಮುದುಡಿತು. ಕಾಗದ ಕೆಳಗಿಳಿಸಿ ಗುಂಪನ್ನೆಲ್ಲ ಹುಡುಕಿದ, ಹಿಂದಿನ ಸಾಲು, ನಡುವಿನ ಸಾಲು. ಚಾಪೆಯ ಪಕ್ಕದಲ್ಲೇ ಬಗ್ಗಿ ನಿಂತವನನ್ನು ಅವನು ಕೊನೆಗೆ ನೋಡಿದ್ದು.

"ಯಾರದು ಅದು?"

ನಾನು ನೆಟ್ಟಗೆ ನಿಂತೆ.

"ನಂದು ಸ್ವಾಮಿ. ಬೇಕಾದ್ರೆ ನೀವೂ ಅನ್ನಬಹುದು."